ಓದುವವರಿಲ್ಲದ ವರದಿಗಳು

ರಾಜ್ಯಭಾರವನ್ನು ನಡೆಸುವವರು ತಾವು ಮಾಡಿದ ಕಾರ್ಯಕ್ಕೂ ವೆಚ್ಚ ಮಾಡಿದ ಹಣಕ್ಕೂ ಪ್ರಜೆಗಳ ಪ್ರತಿನಿಧಿಗಳಿಗೆ ಲೆಕ್ಕವನ್ನೊಪ್ಪಿಸತಕ್ಕದ್ದೆಂಬುದು ಪ್ರಜಾಪ್ರಭುತ್ವದ ಮೊದಲನೆಯ ಪಾಠವು. ಈ ವಿಷಯದಲ್ಲಿ ಎರಡನೆಯ ಮಾತಿಗೆ ಅವಕಾಶವೇ ಇಲ್ಲ. ಆದರೆ ಲೆಕ್ಕವನ್ನೊಪ್ಪಿಸುವುದು ಬೇರೆ, ಕಾಗದವನ್ನೊಪ್ಪಿಸುವುದು ಬೇರೆ. ಯಾರೂ ಓದದ ವರದಿಯನ್ನು ಬರೆಯುವ ಅಧಿಕಾರಿಯೂ, ತಾನೇ ಕೇಳಿದ ವರದಿಯನ್ನು ಬಿಚ್ಚಿಯೂ ನೋಡದ ಶಾಸಕನೂ ಕೂಡಿ ನಡೆಸುವ ವ್ಯವಹಾರವು ಹೊಣೆಗಾರಿಕೆಯ ವೇಷವನ್ನು ಧರಿಸಬಹುದೇ ಹೊರತು ಹೊಣೆಗಾರಿಕೆಯಾಗಲಾರದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ರೋಗವು ಬಹುಕಾಲದಿಂದ ಬೇರೂರಿರುತ್ತದೆ. ಅದಕ್ಕೆ ಅಲ್ಲಿಯವರು ಕಾಲಕಾಲಕ್ಕೆ ಮಾಡಿದ ಚಿಕಿತ್ಸೆಯ ಇತಿಹಾಸವು ನಮ್ಮವರಿಗೂ ಬೋಧಪ್ರದವಾಗಿರುವುದರಿಂದ ಅದನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬಯಸುತ್ತೇವೆ.

ಕಾಂಗ್ರೆಸ್ಸೆಂಬುದು ಅಮೆರಿಕಾದ ಶಾಸನಸಭೆಯ ಹೆಸರು. 1787ರಲ್ಲಿ ರಚಿತವಾದ ಅಲ್ಲಿಯ ರಾಜ್ಯಾಂಗವು ಈ ಸಂಬಂಧದಲ್ಲಿ ವಿಧಿಸಿದ್ದು ಅತಿ ಸ್ವಲ್ಪವೇ. ರಾಷ್ಟ್ರದ ಸ್ಥಿತಿಗತಿಗಳನ್ನು ಅಧ್ಯಕ್ಷನು ಆಗಾಗ್ಗೆ ಕಾಂಗ್ರೆಸ್ಸಿಗೆ ತಿಳಿಸತಕ್ಕದ್ದೆಂಬುದೊಂದು. ಸಾರ್ವಜನಿಕ ಹಣದ ಜಮಾಖರ್ಚಿನ ಲೆಕ್ಕವು ಕಾಲಕಾಲಕ್ಕೆ ಪ್ರಕಟವಾಗತಕ್ಕದ್ದೆಂಬುದು ಇನ್ನೊಂದು. ಮೊದಲನೆಯ ವಿಧಿಗನುಸಾರವಾಗಿ ಜಾರ್ಜ್ ವಾಷಿಂಗ್ಟನ್ನರು 1790ನೆಯ ಇಸವಿ ಜನವರಿ 8ರಂದು ಕಾಂಗ್ರೆಸ್ಸಿನ ಮುಂದೆ ತಮ್ಮ ಪ್ರಥಮ ವಾರ್ಷಿಕ ಭಾಷಣವನ್ನು ಮಾಡಿದರು. ಅದಕ್ಕೂ ಮುಂಚೆ, 1789ರ ಸೆಪ್ಟೆಂಬರಿನಲ್ಲಿ ಖಜಾನೆಯ ಇಲಾಖೆಯನ್ನು ಸ್ಥಾಪಿಸಿದ ಶಾಸನವು, ಸಭೆಯ ಯಾವ ಶಾಖೆಯು ಕೇಳಿದರೂ ಖಜಾನೆಯ ಕಾರ್ಯದರ್ಶಿಯು ಸಮಕ್ಷಮದಲ್ಲಾಗಲಿ ಬರವಣಿಗೆಯಲ್ಲಾಗಲಿ ವರದಿಯನ್ನು ಒಪ್ಪಿಸಬೇಕೆಂದು ವಿಧಿಸಿತ್ತು. ಕೇಳುವವರಿಗೆ ಕೇಳಬೇಕೆಂಬ ಆಸಕ್ತಿಯೂ ಹೇಳುವವರಿಗೆ ಹೇಳಲೇಬೇಕೆಂಬ ಭಯವೂ ಇದ್ದ ಕಾಲವದು.

ಈ ಎರಡು ಮೂರು ಬೀಜಗಳಿಂದ ಬೆಳೆದದ್ದು ಒಂದು ಕಾಡು. ಪ್ರತಿನಿಧಿಸಭೆಯ ನಿಯಮದಂತೆ ಅಧಿವೇಶನದ ಆರಂಭದಲ್ಲಿ ಸಭೆಯ ಕಾರ್ಯದರ್ಶಿಯು, ಯಾವ ಯಾವ ಇಲಾಖೆಯು ಯಾವ ಯಾವ ವರದಿಯನ್ನು ಕಾಂಗ್ರೆಸ್ಸಿಗೆ ಕಳುಹಿಸಬೇಕೆಂಬುದರ ಪಟ್ಟಿಯನ್ನು ಸದಸ್ಯರಿಗೆ ಒದಗಿಸತಕ್ಕದ್ದು. ಪಟ್ಟಿಯೇ ಒಂದು ದೊಡ್ಡ ಗ್ರಂಥವಾಗಿ ಬೆಳೆದಿರುತ್ತದೆ. 2014ರ ವೇಳೆಗೆ ಒಂದು ವರ್ಷದಲ್ಲಿ ಬರತಕ್ಕ ವರದಿಗಳ ಸಂಖ್ಯೆಯು 4,000ವನ್ನು ಮೀರಿತ್ತು. ಅವನ್ನು ಕಳುಹಿಸತಕ್ಕ ಸಂಸ್ಥೆಗಳು 400ಕ್ಕೂ ಹೆಚ್ಚಾಗಿದ್ದವು. ಎರಡು ಸದನಗಳ ಒಟ್ಟು 535 ಸದಸ್ಯರು ಬೇರಾವ ಕೆಲಸವನ್ನೂ ಮಾಡದೆ ಕುಳಿತರೂ ಈ ರಾಶಿಯನ್ನು ಓದಿ ಮುಗಿಸಲಾರರೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಇಷ್ಟೊಂದು ವರದಿಗಳು ಹುಟ್ಟಿಕೊಂಡ ಬಗೆ ಹೇಗೆ? ಒಬ್ಬ ಶಾಸಕನು ಯಾವುದೋ ಒಂದು ನಿಬಂಧನೆಯನ್ನು ಮಸೂದೆಯಲ್ಲಿ ಸೇರಿಸಬೇಕೆಂದು ಹಟ ಹಿಡಿಯುತ್ತಾನೆ, ಮಿಕ್ಕವರು ಒಪ್ಪುವುದಿಲ್ಲ. ಕಡೆಗೆ, "ಈ ವಿಷಯದಲ್ಲಿ ಇಲಾಖೆಯು ಪ್ರತಿವರ್ಷವೂ ವರದಿಯನ್ನು ಸಲ್ಲಿಸಲಿ" ಎಂಬ ಒಂದು ವಾಕ್ಯದಿಂದ ರಾಜಿಯಾಗುತ್ತದೆ. ಇನ್ನೊಂದು ಸಲ ಯಾವುದೋ ಹಗರಣದಿಂದ ದೇಶದಲ್ಲಿ ಕೋಲಾಹಲವೇಳುತ್ತದೆ. ಏನಾದರೂ ಮಾಡಿದೆವೆಂದು ತೋರಿಸಬೇಕಾಗುತ್ತದೆ. ವರದಿಯನ್ನು ಕೇಳುವುದಕ್ಕಿಂತ ಸುಲಭವಾದದ್ದು ಬೇರೊಂದಿಲ್ಲ. ಹಗರಣವು ಮರೆತುಹೋಗುತ್ತದೆ, ಕೇಳಿದವರು ಸಭೆಯನ್ನು ಬಿಟ್ಟುಹೋಗುತ್ತಾರೆ. ಆದರೆ ಶಾಸನದಲ್ಲಿ ಆ ವಾಕ್ಯವು ಮಾತ್ರ ಉಳಿದಿರುತ್ತದೆ. ಶಾಸನವಿರುವ ತನಕ ಇಲಾಖೆಯು ಬರೆಯುವುದನ್ನು ನಿಲ್ಲಿಸುವಂತಿಲ್ಲ. ಅದನ್ನು ತೆಗೆದುಹಾಕುವುದಕ್ಕೆ ಇನ್ನೊಂದು ಶಾಸನವು ಬೇಕು. ಅಂತಹ ಶಾಸನದಿಂದ ಯಾವ ಶಾಸಕನಿಗೂ ಒಂದು ಮತವಾದರೂ ಹೆಚ್ಚಾಗಿ ಬರುವುದಿಲ್ಲ. ಹೀಗೆ ವರದಿಯು ಹುಟ್ಟುವುದಕ್ಕೆ ಒಂದು ಗಳಿಗೆ ಸಾಕು, ಸಾಯುವುದಕ್ಕೆ ಒಂದು ತಲೆಮಾರೂ ಸಾಲದು.

ಇದರ ನಷ್ಟವು ಕಾಗದದ ಮತ್ತು ಮುದ್ರಣದ ಖರ್ಚಿನಲ್ಲಿ ಮುಗಿಯುವುದಾಗಿದ್ದರೆ ನಾವು ಇಷ್ಟು ಬರೆಯಬೇಕಾಗಿರಲಿಲ್ಲ. ವರದಿಯನ್ನು ಯಾರೂ ಓದುವುದಿಲ್ಲವೆಂದು ಬರೆಯುವವನಿಗೆ ಒಮ್ಮೆ ಗೊತ್ತಾಯಿತೆಂದರೆ, ಅವನು ಕಳೆದ ವರ್ಷದ ಪ್ರತಿಯನ್ನು ಮುಂದಿಟ್ಟುಕೊಂಡು ಅಂಕಿಗಳನ್ನಷ್ಟೇ ಬದಲಾಯಿಸಿ ಕೈತೊಳೆದುಕೊಳ್ಳುತ್ತಾನೆ. ಕ್ರಮೇಣ ಸತ್ಯವನ್ನು ಹೇಳಬೇಕೆಂಬ ಅಭ್ಯಾಸವೇ ಇಲಾಖೆಯಲ್ಲಿ ಸಡಿಲವಾಗುತ್ತದೆ. ಅತ್ತ ಓದಬೇಕಾದವನು, ನೂರು ವರದಿಗಳಲ್ಲಿ ತೊಂಬತ್ತು ಜೊಳ್ಳೆಂದು ಅನುಭವದಿಂದ ಕಂಡುಕೊಂಡು, ಉಳಿದ ಹತ್ತರಲ್ಲಿ ಗಟ್ಟಿಕಾಳು ಇರಬಹುದೆಂಬುದನ್ನೂ ಮರೆಯುತ್ತಾನೆ. ಜೊಳ್ಳಿನಿಂದಾಗುವ ನಿಜವಾದ ಹಾನಿಯು ಇದೇ: ಅದು ಕಾಳನ್ನು ಮುಚ್ಚಿಬಿಡುತ್ತದೆ. ಒಂದು ಸಂಗತಿಯನ್ನು ಬಚ್ಚಿಡಬೇಕೆಂದಿರುವ ಆಡಳಿತಗಾರನಿಗೆ ಸುಳ್ಳು ಹೇಳುವ ಅವಶ್ಯಕತೆಯೂ ಇಲ್ಲ. ಮುನ್ನೂರನೆಯ ಪುಟದ ಅನುಬಂಧದಲ್ಲಿ ಅದನ್ನು ನಿಜವಾಗಿಯೇ ಬರೆದಿಟ್ಟರೆ ಸಾಕು.

ಇದನ್ನು ಅಮೆರಿಕನರು ಅರಿಯದವರಲ್ಲ. 1928ರಲ್ಲಿಯೇ ಕಾಂಗ್ರೆಸ್ಸು ಒಂದು ಶಾಸನದಿಂದ ಅನೇಕ ವರದಿಗಳನ್ನು ನಿಲ್ಲಿಸಿತು. 1946ರಲ್ಲಿ ಮತ್ತೊಂದು ಶಾಸನವು ಬೇಕಾಯಿತು. ಕಳೆಯು ಪುನಃ ಬೆಳೆಯಿತು. ಕಡೆಗೆ 1995ರಲ್ಲಿ, ರಿಪಬ್ಲಿಕನ್ ಪಕ್ಷದ ಸೆನೆಟರ್ ಜಾನ್ ಮೆಕೇನರೂ ಡೆಮೊಕ್ರಾಟಿಕ್ ಪಕ್ಷದ ಸೆನೆಟರ್ ಕಾರ್ಲ್ ಲೆವಿನ್ನರೂ ಪಕ್ಷಭೇದವನ್ನು ಬದಿಗಿಟ್ಟು ಕೂಡಿ ಮುಂದೆ ತಂದ ಮಸೂದೆಯು ಶಾಸನವಾಯಿತು. ಡಿಸೆಂಬರ್ 21ರಂದು ಅಧ್ಯಕ್ಷ ಕ್ಲಿಂಟನ್ನರ ಸಹಿಯನ್ನು ಪಡೆದ ಈ ಶಾಸನವು ಎರಡು ವಿಧದ ಆಯುಧಗಳನ್ನು ಹಿಡಿದಿತ್ತು. ಹೆಸರು ಹೆಸರಾಗಿ ಕೆಲವು ವರದಿಗಳನ್ನು ರದ್ದುಮಾಡಿದ್ದು ಮೊದಲನೆಯದು. ಎರಡನೆಯದು ಇದಕ್ಕಿಂತ ಉಗ್ರವಾದದ್ದು: ಕಾರ್ಯದರ್ಶಿಯ 1993ರ ಪಟ್ಟಿಯಲ್ಲಿ ಸೇರಿದ್ದ ವಾರ್ಷಿಕ, ಅರ್ಧವಾರ್ಷಿಕ ಮೊದಲಾದ ನಿಯತಕಾಲಿಕ ವರದಿಗಳೆಲ್ಲವೂ, ಶಾಸನದಲ್ಲಿಯೇ ಹೇಳಿರತಕ್ಕ ಕೆಲವು ವಿನಾಯಿತಿಗಳ ಹೊರತು, ನಾಲ್ಕು ವರ್ಷಗಳಾದ ಮೇಲೆ ತಾವಾಗಿಯೇ ಅಸ್ತಮಿಸತಕ್ಕದ್ದು. ಬೇಕಾದ ವರದಿಯನ್ನು ಆ ಅವಧಿಯೊಳಗೆ ಕಾಂಗ್ರೆಸ್ಸೇ ಎತ್ತಿ ಉಳಿಸಿಕೊಳ್ಳಲಿ ಎಂಬುದು ಇದರ ಅಭಿಪ್ರಾಯ.

ತತ್ತ್ವವೇನೋ ಒಳ್ಳೆಯದೇ. ಕಾರ್ಯದಲ್ಲಿ ನಡೆದದ್ದೇನು? ನಾಲ್ಕು ವರ್ಷಗಳು ಮುಗಿಯುತ್ತ ಬಂದರೂ ಯಾವುದು ಬೇಕು ಯಾವುದು ಬೇಡವೆಂಬ ವಿಚಾರಣೆಯು ಮುಗಿದಿರಲಿಲ್ಲ. ಗಡುವನ್ನು 2000ನೆಯ ಇಸವಿ ಮೇ 15ಕ್ಕೆ ಮುಂದೂಡಲಾಯಿತು. ಶಾಸನವು ವರದಿಗಳನ್ನು ಹೆಸರಿಸದೆ ಬರಿಯ ಪಟ್ಟಿಯೊಂದನ್ನು ತೋರಿಸಿದ್ದರಿಂದ, ಯಾವುದು ಬದುಕಿದೆ ಯಾವುದು ಸತ್ತಿದೆಯೆಂದು ತಿಳಿಯುವುದಕ್ಕೆ ಪಟ್ಟಿಯನ್ನೂ ವಿನಾಯಿತಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಬೇಕಾಗಿತ್ತು. ಇದರ ಪರಿಣಾಮವನ್ನು ತಿಳಿಯುವುದಕ್ಕೆ ಒಂದೇ ಉದಾಹರಣೆಯು ಸಾಕು. ಫೆಡರಲ್ ರಿಸರ್ವ್ ಎಂಬ ಕೇಂದ್ರ ಬ್ಯಾಂಕು ಬಡ್ಡಿಯ ದರವನ್ನೂ ನಾಣ್ಯದ ಬೆಲೆಯನ್ನೂ ಕುರಿತ ತನ್ನ ನೀತಿಯನ್ನು ವರ್ಷಕ್ಕೆರಡು ಬಾರಿ ಕಾಂಗ್ರೆಸ್ಸಿಗೆ ವರದಿ ಮಾಡತಕ್ಕದ್ದೆಂದು 1978ರ ಶಾಸನವು ವಿಧಿಸಿತ್ತು. ಚುನಾಯಿತರಲ್ಲದ ಕೆಲವರು ಕೋಟ್ಯಂತರ ಜನರ ಉದ್ಯೋಗ ಉಳಿತಾಯಗಳ ಮೇಲೆ ನಡೆಸುವ ಅಧಿಕಾರಕ್ಕೆ ಇದು ಒಂದು ಮುಖ್ಯವಾದ ಲಗಾಮು. ನಿರುಪಯುಕ್ತ ವರದಿಗಳ ಜೊತೆಯಲ್ಲಿ ಈ ಆಜ್ಞೆಯೂ 2000ದ ಮೇ ತಿಂಗಳಿನಲ್ಲಿ ಬಿದ್ದುಹೋಯಿತು! ಬ್ಯಾಂಕಿನ ಅಧ್ಯಕ್ಷರು ಜುಲೈ ತಿಂಗಳಿನಲ್ಲಿ ಹಿಂದಿನ ಪದ್ಧತಿಯಂತೆಯೇ ಕಾಂಗ್ರೆಸ್ಸಿನ ಮುಂದೆ ಬಂದು ಹೇಳಿಕೆಯನ್ನು ಕೊಟ್ಟರಾದರೂ, ಶಾಸನದ ಕಟ್ಟುಪಾಡು ತಪ್ಪಿದ ಮೇಲೆ ಅದು ಅವರ ಸೌಜನ್ಯವನ್ನು ಅವಲಂಬಿಸಿದ ಸಂಗತಿಯಾಯಿತು. ಅದೇ ಡಿಸೆಂಬರಿನಲ್ಲಿ ಹೊಸ ಶಾಸನವನ್ನು ಮಾಡಿ ಆ ವಿಧಿಯನ್ನು ಪುನಃ ಸ್ಥಾಪಿಸಬೇಕಾಯಿತು. ನೆಗಡಿಯಾಯಿತೆಂದು ಮೂಗನ್ನು ಕೊಯ್ದು, ಮತ್ತೆ ಅದನ್ನು ಹೊಲಿಯಲು ವೈದ್ಯನನ್ನು ಹುಡುಕಿದಂತಾಯಿತು.

ಆ ಮೇಲೆ ಮತ್ತೊಂದು ಮಾರ್ಗವನ್ನು ಹಿಡಿದರು. ಅಧ್ಯಕ್ಷ ಒಬಾಮರು 2011ರ ಜನವರಿಯಲ್ಲಿ ಸಹಿ ಮಾಡಿದ ಆಡಳಿತ ಸುಧಾರಣೆಯ ಶಾಸನವು, ಇಲಾಖೆಗಳೇ ತಮ್ಮ ವರದಿಗಳಲ್ಲಿ ಹಳತಾದವುಗಳನ್ನೂ ಪುನರುಕ್ತವಾದವುಗಳನ್ನೂ ಗುರುತಿಸಿ ಹೇಳಬೇಕೆಂದು ವಿಧಿಸಿತು. ಇಲಾಖೆಗಳು ನೂರಾರು ವರದಿಗಳನ್ನು ಹೆಸರಿಸಿದವು. 2014ರಲ್ಲಿ ಇದಕ್ಕಾಗಿಯೇ ಒಂದು ಮಸೂದೆಯು ಬಂದು, ಏಪ್ರಿಲಿನಲ್ಲಿ ಪ್ರತಿನಿಧಿಸಭೆಯ ಒಪ್ಪಿಗೆಯನ್ನು ಪಡೆದು, ನವೆಂಬರ್ 26ರಂದು ಶಾಸನವಾಯಿತು. ಆದರೆ ಇಲಾಖೆಗಳು ಕೊಟ್ಟ ಪಟ್ಟಿಯಲ್ಲಿ ಶಾಸನಕ್ಕೆ ಬಂದು ತಲುಪಿದ್ದು ಒಂದು ಸಣ್ಣ ಭಾಗ ಮಾತ್ರ.

ಇದನ್ನು ಕಂಡು ಶಾಸಕರ ಆಲಸ್ಯವನ್ನು ಜರೆಯುವವರಿದ್ದಾರೆ. ಆಲಸ್ಯವೂ ಇದ್ದೀತು; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇನ್ನೊಂದು ಪಕ್ಷವನ್ನೂ ನೋಡತಕ್ಕದ್ದು. ನಿನಗೆ ಯಾವ ಪ್ರಶ್ನೆಯು ಬೇಡವೆಂದು ಉತ್ತರ ಕೊಡಬೇಕಾದವನನ್ನೇ ಕೇಳಿದರೆ, ಅವನು ನಿರುಪಯುಕ್ತವಾದ ಪ್ರಶ್ನೆಯೊಡನೆ ತನಗೆ ಮುಜುಗರವನ್ನುಂಟುಮಾಡುವ ಪ್ರಶ್ನೆಯನ್ನೂ ಸೇರಿಸಿ ಹೇಳುವುದು ಸ್ವಭಾವವೇ. ಇಲಾಖೆಗೆ ಹೊರೆಯಾದ ವರದಿಯೆಲ್ಲವೂ ಪ್ರಜೆಗೆ ವ್ಯರ್ಥವಾದ ವರದಿಯಲ್ಲ. ಕೆಲವು ವರದಿಗಳು ಹೊರೆಯಾಗಿರುವುದೇ ಅವುಗಳ ಸಾರ್ಥಕ್ಯವು. ಆದುದರಿಂದ ಇಲಾಖೆಯ ಸಲಹೆಯನ್ನು ಕೇಳಬೇಕು. ಅದರ ತೀರ್ಪನ್ನು ಮಾತ್ರ ಒಪ್ಪಕೂಡದು. ಬೇಲಿಯನ್ನು ಎಲ್ಲಿ ತೆಗೆಯಬೇಕೆಂದು ಹೊಲದ ಯಜಮಾನನು ಹೇಳಬೇಕೇ ಹೊರತು ಮೇಯುವ ದನವಲ್ಲ.

2022ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸು ಇಟ್ಟ ಹೆಜ್ಜೆಯು ನಮಗೆ ಮಿಕ್ಕೆಲ್ಲವುಗಳಿಗಿಂತ ಹೆಚ್ಚು ಯುಕ್ತವಾಗಿ ತೋರುತ್ತದೆ. ಶಾಸನಪ್ರಕಾರ ತನಗೆ ಬರತಕ್ಕ ವರದಿಗಳನ್ನು, ಗೋಪ್ಯವಾಗಿಡಬೇಕಾದ ಭಾಗಗಳನ್ನು ಬಿಟ್ಟು, ಸರ್ಕಾರಿ ಪ್ರಕಾಶನ ಕಚೇರಿಯು ಒಂದೇ ಸ್ಥಳದಲ್ಲಿ ಅಂತರ್ಜಾಲದ ಮೂಲಕ ಸರ್ವರಿಗೂ ಉಚಿತವಾಗಿ ದೊರೆಯುವಂತೆ ಇಡತಕ್ಕದ್ದೆಂದು ಅದು ವಿಧಿಸಿತು. ವರದಿಯ ವಾಚಕನು ಶಾಸಕನೊಬ್ಬನೇ ಅಲ್ಲ. ಶಾಸಕನು ಓದದೆ ಬಿಟ್ಟದ್ದನ್ನು ಪತ್ರಕರ್ತನು ಓದಿಯಾನು, ಉಪಾಧ್ಯಾಯನು ಓದಿಯಾನು, ಆ ವಿಷಯದಿಂದ ನೊಂದ ಒಬ್ಬ ಸಾಮಾನ್ಯನು ಓದಿಯಾನು. ಬಹಿರಂಗದಲ್ಲಿಟ್ಟ ಮೇಲೂ ಯಾರೊಬ್ಬರೂ ಮುಟ್ಟದ ವರದಿಯು ಯಾವುದೋ, ಅದರ ಅನಾವಶ್ಯಕತೆಗೆ ಬಲವಾದ ಸಾಕ್ಷಿಯು ಆಗ ದೊರೆಯುತ್ತದೆ.

ಈ ಕಥೆಯು ನಮಗೇಕೆಂದು ಕೆಲವರು ಕೇಳಬಹುದು. ಪ್ರತಿನಿಧಿಗಳಿಗೆ ವರದಿಯನ್ನೊಪ್ಪಿಸುವ ಸಂಪ್ರದಾಯವು ಕನ್ನಡ ನಾಡಿಗೆ ಹೊಸದಲ್ಲ. 1881ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಮೊದಲನೆಯ ಬಾರಿ ಸೇರಿದಾಗ, ದಿವಾನ್ ರಂಗಾಚಾರ್ಲು ಅವರು ಸಂಸ್ಥಾನದ ಆಡಳಿತವನ್ನೂ ಹಣಕಾಸನ್ನೂ ರೈತರ ಮತ್ತು ವರ್ತಕರ ಪ್ರತಿನಿಧಿಗಳ ಮುಂದೆ ನಿವೇದಿಸಿದರು. ಶಾಸನ ಮಾಡುವ ಅಧಿಕಾರವಿಲ್ಲದ ಸಭೆಯಾದರೂ ಅದು ಕೇಳುವ ಕಿವಿಗಳ ಸಭೆಯಾಗಿತ್ತು. ಈಗಿನ ಭಾರತದ ಸಂವಿಧಾನವು ಕೆಲವೇ ವರದಿಗಳನ್ನು ಆರಿಸಿ ವಿಧಿಸಿದೆ. 151ನೆಯ ಅನುಚ್ಛೇದದಂತೆ ಲೆಕ್ಕಪರಿಶೋಧಕರ ವರದಿಗಳು ಸಂಸತ್ತಿನ ಮುಂದೆಯೂ ರಾಜ್ಯಗಳ ಶಾಸನಸಭೆಗಳ ಮುಂದೆಯೂ ಬರಬೇಕು. 323ನೆಯದರಂತೆ ಲೋಕಸೇವಾ ಆಯೋಗದ ವಾರ್ಷಿಕ ವರದಿಯೊಡನೆ, ಆಯೋಗದ ಸಲಹೆಯನ್ನು ಸರ್ಕಾರವು ಎಲ್ಲಿ ಒಪ್ಪಲಿಲ್ಲವೋ ಅದಕ್ಕೆ ಕಾರಣವನ್ನೂ ಮಂಡಿಸಬೇಕು. ಇಂತಿಂತಹ ಸಂಗತಿಗೆ ಕಾರಣವನ್ನು ಹೇಳೆಂದು ಒತ್ತಾಯಿಸುವ ವರದಿಯೇ ನಿಜವಾದ ವರದಿಯು.

ಇದರ ಮೇಲೆ ನಿಗಮಗಳು, ಮಂಡಲಿಗಳು, ಸರ್ಕಾರದ ಕಂಪೆನಿಗಳು ಮುಂತಾದವುಗಳ ವಾರ್ಷಿಕ ವರದಿಗಳು ಬಂದು ಸದನದ ಮೇಜನ್ನು ತುಂಬುತ್ತವೆ. ಲೋಕಸಭೆಯು 1975ರಲ್ಲಿ, ಹೀಗೆ ಮೇಜಿನ ಮೇಲೆ ಬರುವ ಕಾಗದಪತ್ರಗಳನ್ನು ಪರಿಶೀಲಿಸುವುದಕ್ಕಾಗಿಯೇ ಒಂದು ಸಮಿತಿಯನ್ನು ನೇಮಿಸಿತು. ಲೆಕ್ಕದ ವರ್ಷವು ಮುಗಿದ ಒಂಬತ್ತು ತಿಂಗಳೊಳಗೆ ವರದಿಯು ಬರಬೇಕೆಂಬುದು ಆ ಸಮಿತಿಯ ನಿಯಮ. ತಡವಾದರೆ, ತಡವಾದದ್ದೇಕೆಂಬ ಹೇಳಿಕೆಯೊಂದನ್ನು ವರದಿಯ ಜೊತೆಯಲ್ಲಿಡಬೇಕು. ವರದಿಯು ತಡವಾಗಿ ಬಂದು, ತಡವಾದುದಕ್ಕೆ ಇನ್ನೊಂದು ಕಾಗದವನ್ನೂ ಕೂಡಿಸಿಕೊಂಡು ಮೇಜಿನ ಮೇಲೆ ಮಲಗಿದರೆ ಪ್ರಜೆಗೆ ದೊರೆತ ಲಾಭವೇನು?

ನಾವು ಸೂಚಿಸುವುದಿಷ್ಟೆ. ಶಾಸನವು ಕೇಳುವ ಪ್ರತಿಯೊಂದು ಹೊಸ ವರದಿಗೂ ಒಂದು ಅವಧಿಯಿರಲಿ. ಅವಧಿಯು ತೀರುವಾಗ ಸಂಬಂಧಪಟ್ಟ ಸಮಿತಿಯು ಅದನ್ನು ಹೆಸರಿಟ್ಟು ವಿಚಾರಿಸಿ, ಮುಂದುವರಿಸಲಿ ಅಥವಾ ನಿಲ್ಲಿಸಲಿ. ಒಂದೇ ಏಟಿಗೆ ಎಲ್ಲವನ್ನೂ ಕಡಿಯುವ ಕೊಡಲಿಯು ಬೇಡ. ನಿಲ್ಲಿಸುವ ಮೊದಲು, ಈ ವರದಿಯಿಂದ ಯಾರಿಗೆ ಮುಜುಗರವೆಂದು ಒಂದು ಸಲ ಕೇಳಲಿ. ಉಳಿದ ವರದಿಗಳೆಲ್ಲವೂ ಪ್ರಜೆಗಳ ಕೈಗೆ ಸಿಕ್ಕುವಂತೆ ಪ್ರಕಟವಾಗಲಿ. ಕೊನೆಯದಾಗಿ, ವರದಿಯನ್ನು ಕೇಳಿದ ಸಭೆಯು ಅದನ್ನು ಓದಿ ಒಂದು ಪ್ರಶ್ನೆಯನ್ನಾದರೂ ಕೇಳಲಿ. ಬರೆಯುವ ಅಧಿಕಾರಿಗೆ ನಾಳೆ ಯಾರಾದರೂ ಪ್ರಶ್ನಿಸಿಯಾರೆಂಬ ಅಂಜಿಕೆಯು ಹುಟ್ಟಿದ ದಿನ ವರದಿಗಳು ತಾವಾಗಿಯೇ ಚಿಕ್ಕವಾಗುವುವು, ಸತ್ಯವೂ ಆಗುವುವು. ಆ ಅಂಜಿಕೆಯನ್ನು ಹುಟ್ಟಿಸುವ ಕೆಲಸವು ಯಾವ ಶಾಸನದಿಂದಲೂ ಆಗತಕ್ಕದ್ದಲ್ಲ. ನಾವು ಆರಿಸಿ ಕಳುಹಿಸಿದವರ ಶ್ರದ್ಧೆಯಿಂದ ಮಾತ್ರವೇ ಆಗತಕ್ಕದ್ದು.