ಬಯೋಡೇಟಾ ಓದುವ ಯಂತ್ರ

ಬಿ.ಸಿ. ರೋಡಿನ ಝೆರಾಕ್ಸ್ ಅಂಗಡಿಗಳಲ್ಲಿ ವರ್ಷಾನುಗಟ್ಟಲೆ ಟೈಪಾಗುತ್ತಿದ್ದ ಬಯೋಡೇಟಾ ನೋಡಲು ಸಪ್ಪೆ. ಮೇಲೆ ಹೆಸರು, ಕೆಳಗೆ ವಿಳಾಸ, ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ; ಕೊನೆಗೆ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ, ಸಹಿ. ಅದನ್ನೇ ಹಿಡಿದು ಮುಂಬೈಗೂ ಗಲ್ಫಿಗೂ ಹೋದವರು ನಮ್ಮಲ್ಲಿ ಬಹಳ. ಈಗ ಉಜಿರೆ, ಮೂಡುಬಿದಿರೆ, ಬೆಂಜನಪದವಿನ ಕಾಲೇಜುಗಳಿಂದ ಹೊರಬರುವ ಮಕ್ಕಳ ಸಿವಿಗೆ ಬಣ್ಣ ಬಂದಿದೆ. ಎಡಕ್ಕೊಂದು ನೀಲಿ ಪಟ್ಟಿ, ದುಂಡಗಿನ ಫೋಟೊ, ‘ಜಾವಾ’ದ ಎದುರು ಐದರಲ್ಲಿ ನಾಲ್ಕು ನಕ್ಷತ್ರ. ಕಣ್ಣಿಗೆ ಎರಡನೆಯದು ಚೆಂದ. ಯಂತ್ರಕ್ಕೆ ಮೊದಲನೆಯದೇ ಸಲೀಸು.

ಕಂಪನಿಗೆ ಬಂದ ಅರ್ಜಿಗಳನ್ನು ಓದುವ ಈ ಯಂತ್ರದ ಹೆಸರು ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್, ಚಿಕ್ಕದಾಗಿ ಎಟಿಎಸ್. ಅಡಿಕೆ ಗಾರ್ಬಲ್ ಮಾಡುವವರ ಹಾಗೆ ಒಳ್ಳೆಯದನ್ನು ಆರಿಸಿ ಉಳಿದದ್ದನ್ನು ಬಿಸಾಡುವುದೇ ಅದರ ಕೆಲಸ ಎಂದು ಹಲವರ ನಂಬಿಕೆ. ಮೊದಲಿಗೆ ಅದು ಮಾಡುವುದು ಗುಮಾಸ್ತಿಕೆ. ಕಡತದಿಂದ ಅಕ್ಷರಗಳನ್ನು ಹೆಕ್ಕುತ್ತದೆ. ಇದು ಹೆಸರು, ಇದು ಫೋನು, ಇದು ಓದು, ಇದು ಅನುಭವ ಎಂದು ಊಹಿಸಿ ಆಯಾ ಖಾನೆಗೆ ತುಂಬುತ್ತದೆ. ಎಡವುವುದು ಇಲ್ಲೇ.

ಪಿಡಿಎಫ್ ಕಡತದೊಳಗೆ ಸಾಮಾನ್ಯವಾಗಿ ಸಾಲು, ಪ್ಯಾರಾ ಎಂಬ ಲೆಕ್ಕವಿಲ್ಲ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಎಂಬುದಷ್ಟೇ ಅಲ್ಲಿರುತ್ತದೆ. ಓದುವ ಕ್ರಮವನ್ನು ತಂತ್ರಾಂಶವೇ ಊಹಿಸಬೇಕು. ಎರಡು ಕಾಲಮ್ಮಿನ ಪುಟ ಸಿಕ್ಕರೆ ಕೆಲವು ತಂತ್ರಾಂಶಗಳು ಎಡದಿಂದ ಬಲಕ್ಕೆ ಅಡ್ಡಡ್ಡ ಓದಿ, ಎಡದ ಫೋನ್ ನಂಬರನ್ನು ಬಲದ ಇಂಟರ್ನ್‌ಶಿಪ್ ವಿವರದ ನಡುವೆ ಸಿಕ್ಕಿಸುತ್ತವೆ. ನಕ್ಷತ್ರಗಳು ಅದಕ್ಕೆ ಬರೀ ಚಿತ್ರ. (ಜಾವಾ ನಾಲ್ಕು ನಕ್ಷತ್ರದಷ್ಟು ಗೊತ್ತು ಎಂದರೆ ಏನರ್ಥವೋ ಮನುಷ್ಯರಿಗೂ ತಿಳಿಯದು.) ಮೊಬೈಲಿನಲ್ಲಿ ಫೋಟೊ ಹೊಡೆದು ಮಾಡಿದ ಪಿಡಿಎಫ್‌ನಲ್ಲಂತೂ ಅಕ್ಷರವೇ ಇರುವುದಿಲ್ಲ, ಚಿತ್ರದಿಂದ ಅಕ್ಷರ ಗುರುತಿಸುವ ಸೌಲಭ್ಯ ಎಲ್ಲ ತಂತ್ರಾಂಶಗಳಿಗೂ ಇಲ್ಲ.

ಕನ್ನಡದವರಿಗೆ ಇನ್ನೊಂದು ತೊಡಕುಂಟು. ಪತ್ರಿಕೋದ್ಯಮ ಓದಿದ ವಿದ್ಯಾರ್ಥಿ ತನ್ನ ಪ್ರಕಟಿತ ಲೇಖನಗಳ ಪಟ್ಟಿಯನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಸೇರಿಸಿದನೆನ್ನಿ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ. ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡದ ರೂಪ ಫಾಂಟು ತೊಡಿಸಿದ ವೇಷ. ಯಂತ್ರ ವೇಷವನ್ನು ನೋಡುವುದಿಲ್ಲ, ಅದಕ್ಕೆ ಕಾಣುವುದು ಗೊಜಲು. ಯೂನಿಕೋಡಿನಲ್ಲಿ ಬರೆದರೆ ಆ ಗೊಜಲು ತಪ್ಪುತ್ತದೆ.

ಖಾನೆ ತುಂಬಿದ ಮೇಲೆ ನೇಮಕಾತಿಯವರು ಹುಡುಕುತ್ತಾರೆ. ಬೆಳ್ತಂಗಡಿಯ ಯಾವುದೋ ಸಹಕಾರಿ ಸಂಘದಲ್ಲಿ ಎರಡು ವರ್ಷ ದುಡಿದ ಬಿಕಾಂ ಹುಡುಗಿ ‘ಲೆಕ್ಕಪತ್ರದ ಕೆಲಸ’ ಎಂದಷ್ಟೇ ಬರೆದಿದ್ದರೆ, ಟ್ಯಾಲಿ, ಜಿಎಸ್‌ಟಿ ಎಂದು ಹುಡುಕಿದವರಿಗೆ ಅವಳು ಸಿಗದಿರಬಹುದು. ಕೆಲಸ ಅದೇ, ಹೆಸರು ಬೇರೆ. ಆದ್ದರಿಂದ ಜಾಹೀರಾತಿನಲ್ಲಿರುವ ಪದಗಳಲ್ಲಿ ತನಗೆ ನಿಜವಾಗಿ ಒಪ್ಪುವುದನ್ನು ಹಾಗೆಯೇ ಬರೆಯಬೇಕು. ಜಾಹೀರಾತನ್ನೇ ಬಿಳಿ ಅಕ್ಷರದಲ್ಲಿ ಅಡಗಿಸಿಡುವ ಜಾಣತನ ಬೇಡ. ಯಂತ್ರ ಹೆಕ್ಕಿದ ಪಠ್ಯದಲ್ಲಿ ಬಿಳಿಯೂ ಕರಿಯೇ.

ಯಂತ್ರವೇ ತಿರಸ್ಕರಿಸುವುದಿಲ್ಲವೇ? ತಿರಸ್ಕರಿಸುತ್ತದೆ, ಕಂಪನಿಯವರು ಹಾಗೆ ಹೇಳಿಟ್ಟಾಗ. ‘ಬೆಂಗಳೂರಿಗೆ ಬರಲು ಸಿದ್ಧರೇ?’, ‘ಎಷ್ಟು ವರ್ಷದ ಅನುಭವ?’ ಎಂಬ ಪ್ರಶ್ನೆಗಳಿಗೆ ಒಂದು ತಪ್ಪು ಟಿಕ್ ಹಾಕಿದರೆ ಸಿವಿಯನ್ನು ಯಾರೂ ತೆರೆಯದೆ ಹೋಗಬಹುದು. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಅಕ್ಸೆಂಚರ್ ನಡೆಸಿದ ಅಧ್ಯಯನದಲ್ಲಿ ಶೇ. 88ರಷ್ಟು ಉದ್ಯೋಗದಾತರೇ, ನಿಗದಿತ ಮಾನದಂಡಕ್ಕೆ ಕರಾರುವಾಕ್ಕಾಗಿ ಹೊಂದದ ಕಾರಣಕ್ಕೆ ಅರ್ಹರೂ ಸೋಸಿಹೋಗುತ್ತಿದ್ದಾರೆ ಎಂದು ಒಪ್ಪಿದ್ದರು. ಅಂಕ ಕೊಡುವ ಯಂತ್ರಗಳ ಕಥೆ ಇನ್ನೂ ಕೆಟ್ಟದ್ದು. ಅಮೆಜಾನ್ ಪ್ರಯೋಗಕ್ಕೆ ಕಟ್ಟಿದ ಒಂದು ತಂತ್ರಾಂಶ, ಹಿಂದೆ ಬಂದ ಅರ್ಜಿಗಳಲ್ಲಿ ಗಂಡಸರದೇ ಹೆಚ್ಚಿದ್ದುದರಿಂದ, ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳುವುದನ್ನು ಕಲಿತಿತ್ತು. ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ರಾಯಿಟರ್ಸ್ ಮೂಲಕ ಹೊರಬಂತು. ಇದಕ್ಕೆ ಸಿವಿ ಬರೆಯುವವರ ಬಳಿ ಮದ್ದಿಲ್ಲ.

ಮದ್ದಿರುವುದು ಓದುವಿಕೆಯ ತೊಡಕಿಗೆ. ಒಂದೇ ಕಾಲಮ್, ರೂಢಿಯ ತಲೆಬರಹಗಳು, ಪುಟದ ಹೆಡರಿನಲ್ಲಿ ಅಡಗದ ಫೋನ್ ನಂಬರು. ಹೆಸರು ಅಂಕಪಟ್ಟಿಯಲ್ಲಿರುವಂತೆಯೇ ಇರಲಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಮನೆತನದ ಹೆಸರು ಬೇಡ. ತಂದೆಯ ಹೆಸರು, ಧರ್ಮ, ಘೋಷಣೆ ಬಿಟ್ಟರೂ ನಷ್ಟವಿಲ್ಲ. ಬಣ್ಣದ ಪ್ರತಿಯನ್ನು ಮೂಡುಬಿದಿರೆಯ ‘ಆಳ್ವಾಸ್ ಪ್ರಗತಿ’ಯಂಥ ಉದ್ಯೋಗ ಮೇಳಕ್ಕೆ ಒಯ್ಯಿರಿ, ಅಲ್ಲಿ ಎದುರಿಗೆ ಕೂರುವವರು ಮನುಷ್ಯರು.

ಅಪ್‌ಲೋಡ್ ಮಾಡುವ ಮೊದಲು ಪಿಡಿಎಫ್ ತೆರೆದು, ಇಡೀ ಪುಟವನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ ನೋಡಿ. ಯಂತ್ರಕ್ಕೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗದವರು ಅಂತಿಮ ವರ್ಷದವರಿಗೆಲ್ಲ ಒಂದು ತರಗತಿಯಲ್ಲಿ ಈ ಪರೀಕ್ಷೆ ಮಾಡಿಸಲಿ. ಖರ್ಚೇನೂ ಇಲ್ಲ.