ಐದು ಮೆಟ್ಟಿಲಿನ ಆಕಾಶ

ಹಕ್ಕಿಯಂತೆ ಹಾರಬೇಕೆಂಬುದು ಮಾನವನ ಪುರಾತನವಾದ ಹಂಬಲ. ಆ ಹಂಬಲಕ್ಕೆ ಪ್ರಾಣವನ್ನೇ ತೆತ್ತವರಲ್ಲಿ ಜರ್ಮನಿಯ ಆಟೋ ಲಿಲಿಯೆಂಥಾಲ್ ಸ್ಮರಣೀಯನು. ತಾನೇ ರಚಿಸಿದ ರೆಕ್ಕೆಗಳಿಗೆ ಜೋತುಬಿದ್ದು, 1891ರಿಂದ ಮೊದಲ್ಗೊಂಡು ಸುಮಾರು 2,000 ಬಾರಿ ತೇಲಿದ ಆ ಧೀರನು, 1896ರ ಆಗಸ್ಟ್ 9ರಂದು ಸುಮಾರು 15 ಮೀಟರ್ ಎತ್ತರದಿಂದ ನೆಲಕ್ಕುರುಳಿ, ಮರುದಿನ ಅಸುನೀಗಿದನು. ಹಾರಲು ಕಲಿಸುವ ಗುರು ಅವನಿಗಿರಲಿಲ್ಲ. ಗಾಳಿಯೇ ಗುರು, ಗಾಳಿಯೇ ಪರೀಕ್ಷಕ.

ಇಂದು ಹ್ಯಾಂಗ್ ಗ್ಲೈಡರಿನ ಚೌಕಟ್ಟಿಗೆ ಜೋತುಬೀಳುವವನಿಗೂ, ಪ್ಯಾರಾಗ್ಲೈಡರಿನ ಬಟ್ಟೆಯ ರೆಕ್ಕೆಯಡಿ ಕುಳಿತು ಹಾರುವವನಿಗೂ ಅಂತಹ ದುರ್ಗತಿ ಬೇಕಾಗಿಲ್ಲ. 1905ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟವು ಇವರ ಕಲಿಕೆಗೆ ಐದು ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿದೆ.

ಪ್ಯಾರಾಗ್ಲೈಡರಿನ ಮೆಟ್ಟಿಲುಗಳನ್ನೇ ನೋಡೋಣ. ಮೊದಲನೆಯದು ನೆಲವನ್ನು ಸವರುವ ಹಾರಾಟ. ಬಿದ್ದರೂ ಎದ್ದುಬರಬಹುದಾದಷ್ಟೇ ಎತ್ತರ. ರೆಕ್ಕೆಯನ್ನು ಬಿಚ್ಚಿ, ಗಾಳಿ ತುಂಬಿ, ಓಡಿ, ಇಳಿಯುವ ಅಕ್ಷರಾಭ್ಯಾಸ. ಎರಡನೆಯದರಲ್ಲಿ ಶಾಂತವಾದ ಗಾಳಿಯಲ್ಲಿ, ಸಾಕಷ್ಟು ಎತ್ತರದಲ್ಲಿ ತಿರುಗುವುದನ್ನೂ ಗುರಿಯಿಟ್ಟು ಇಳಿಯುವುದನ್ನೂ ಕಲಿಯಬೇಕು. ಮೂರನೆಯದು ಜಾಗೃತ ಹಾರಾಟ: ರೆಕ್ಕೆಯ ಒಂದೊಂದು ಅಲುಗಾಟವನ್ನೂ ಅರಿತು, ಅದು ಮಡಿಚಿಕೊಳ್ಳುವ ಮೊದಲೇ ಕೈಯ ಹಗ್ಗದಿಂದಲೂ ಮೈಯ ಭಾರದಿಂದಲೂ ತಿದ್ದುವುದು. ನಾಲ್ಕನೆಯದರಲ್ಲಿ ಏರುಗಾಳಿಯನ್ನು ಹಿಡಿದು ಮೇಲೇರುವುದು. ಅಲ್ಲಿ ಹಾರುವವನು ಒಬ್ಬನೇ ಅಲ್ಲ. ಆದುದರಿಂದ ಆಕಾಶದ ಶಿಷ್ಟಾಚಾರವನ್ನೂ ತಿಳಿದಿರಬೇಕು. ಬೆಟ್ಟದ ಓರೆಯಲ್ಲಿ ಇಬ್ಬರು ಎದುರಾದರೆ, ಬೆಟ್ಟ ಎಡಕ್ಕಿರುವವನು ದಾರಿ ಬಿಡತಕ್ಕದ್ದು. ಬಿಸಿಗಾಳಿಯ ಕಂಬದಲ್ಲಿ ಮೊದಲು ಸುತ್ತತೊಡಗಿದವನ ದಿಕ್ಕಿನಲ್ಲಿಯೇ ಉಳಿದವರೂ ಸುತ್ತತಕ್ಕದ್ದು. ಐದನೆಯದು ದೂರಪ್ರಯಾಣ; ಹೊರಟ ಬೆಟ್ಟವನ್ನು ಬಿಟ್ಟು, ಕಂಡರಿಯದ ಊರಿನ ಹೊಲದಲ್ಲಿ ಸುರಕ್ಷಿತವಾಗಿ ಇಳಿಯುವ ವಿದ್ಯೆ.

ಈ ಮೆಟ್ಟಿಲುಗಳಲ್ಲಿ ಅಪಾಯಕರವಾದುದು ಯಾವುದು? ಮೊದಲನೆಯದೆಂದು ಓದುಗರಿಗೆ ತೋರಬಹುದು. ಹಾರಾಟದಲ್ಲಿ ನುರಿತವರು ಬೆರಳಿಟ್ಟು ತೋರುವುದು ನಡುವಿನವುಗಳನ್ನು. ಹೊಸಬನಿಗೆ ಭಯವೇ ಕಾವಲು; ಹಳಬನಿಗೆ ಅನುಭವವೇ ಕಾವಲು. ಭಯ ಬಿಟ್ಟುಹೋಗಿ ಅನುಭವವಿನ್ನೂ ಬಾರದ ನಡುವಿನವನಿಗೆ ಎರಡೂ ಇಲ್ಲ. 'ಅಲ್ಪವಿದ್ಯೆ ಮಹಾಗರ್ವ'ವೆಂದು ನಮ್ಮವರು ಹೇಳಿದುದು ನೆಲದ ಮೇಲಿನ ಪಂಡಿತರಿಗೆ ಮಾತ್ರವಲ್ಲ.

ಮೆಟ್ಟಿಲನ್ನು ಏರಿದವನಿಗೆ ಅವನ ದರ್ಜೆಯನ್ನು ಸಾರುವ ಚೀಟಿಯೊಂದು ದೊರೆಯುತ್ತದೆ. ಪರದೇಶದ ಬೆಟ್ಟದಲ್ಲಿಯೂ ಅದು ಅವನ ಯೋಗ್ಯತೆಗೆ ಸಾಕ್ಷಿ. ಆದರೆ ಆ ಚೀಟಿ ಹೇಳುವುದು ನಿನ್ನೆಯವರೆಗಿನ ಮಾತು. ಇಂದಿನ ಗಾಳಿಯನ್ನು ಅದು ಬಲ್ಲುದೇ? ಐದನೆಯ ಮೆಟ್ಟಿಲಿನವನೂ ಬೆಟ್ಟದ ನೆತ್ತಿಯಲ್ಲಿ ನಿಂತು ಗಾಳಿಯನ್ನು ಹೊಸದಾಗಿಯೇ ಓದಬೇಕು. ಗಾಳಿ ಒಲ್ಲೆನೆಂದ ದಿನ, ನೋಡುವವರ ನಗೆಗೆ ಅಂಜದೆ, ರೆಕ್ಕೆಯನ್ನು ಮಡಿಚಿ ಹೆಗಲಿಗೇರಿಸಿ ಕಾಲುನಡಿಗೆಯಲ್ಲಿ ಇಳಿದುಬರಬಲ್ಲವನೇ ನಿಜವಾದ ಪೈಲಟ್. ಮೆಟ್ಟಿಲುಗಳೆಲ್ಲ ಕಲಿಸಹೊರಟಿರುವುದು ಈ ವಿವೇಕವನ್ನೇ.