ಅಪ್ಪನಿಗೂ ಶನಿವಾರದ ಶಾಲೆ

ಕಳೆದ ವರ್ಷ ನಮ್ಮ ಕನ್ನಡ ತರಗತಿಯಲ್ಲಿ ‘ನಮ್ಮ ಮನೆ’ ಎಂಬ ವಿಷಯದ ಮೇಲೆ ಐದು ವಾಕ್ಯ ಬರೆದು ತರಲು ಹೇಳಿದ್ದೆ. ಎಂಟು ವರ್ಷದ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: ‘ನಾನು ಭಾನುವಾರ ಕನ್ನಡ ಶಾಲೆಗೆ ಹೋಗುತ್ತೇನೆ. ನನ್ನ ಅಪ್ಪ ಶನಿವಾರ ಶಾಲೆಗೆ ಹೋಗುತ್ತಾರೆ. ಅಪ್ಪನಿಗೆ ಹೋಂವರ್ಕ್ ಇಲ್ಲ.’ ಅವಳು ಓದುತ್ತಿದ್ದಂತೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ‘ಅಷ್ಟು ದೊಡ್ಡವರಿಗೆ ಎಂಥ ಶಾಲೆ, ಮಿಸ್?’ ಎಂದು ಒಬ್ಬ ಕೇಳಿದ. ನನಗೆ ಮಾತ್ರ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಯವರೂ ಅದೇ ಶಾಲೆಯ ವಿದ್ಯಾರ್ಥಿ!

ಫಾರ್ಮರ್ಸ್ ಬ್ರಾಂಚ್ ಸುತ್ತಮುತ್ತ ಇರುವ ನಮ್ಮ ಮನೆಗಳಲ್ಲಿ ಡೇಟಾಬೇಸ್ ಕೆಲಸದವರು ಬಹಳ. ಆದರೆ ‘ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ?’ ಎಂದು ಕೇಳಿದರೆ ಮಕ್ಕಳು ‘ಕಂಪ್ಯೂಟರ್ ಮುಂದೆ ಕೂರುತ್ತಾರೆ’ ಎನ್ನುತ್ತಾರೆ, ಅಷ್ಟೆ. ನಾನು ಓದಿದ್ದು ಬಿ.ಎ., ಬಿ.ಎಡ್. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೂ ಮನೆಯಲ್ಲಿ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಮಕ್ಕಳಿಗೂ ಪೋಷಕರಿಗೂ ಸರಳವಾಗಿ ಹೇಳುವ ಪ್ರಯತ್ನ ಇದು.

ಡೇಟಾಬೇಸ್ ಎಂದರೇನು?

ಕನ್ನಡದಲ್ಲಿ ಇದನ್ನು ದತ್ತಸಂಚಯ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ನಮ್ಮ ಹಿರಿಯರು ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ‘ಕಡತ’ ಮಾಡಿಕೊಂಡು ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಹಳ್ಳಿಯ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿರುತ್ತಿತ್ತು.

ನಾನು ಶಾಲೆಯಲ್ಲಿದ್ದಾಗ ನಮ್ಮ ತಂದೆ ಪಹಣಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬರುತ್ತಿದ್ದುದು ನೆನಪಿದೆ. ಆಮೇಲೆ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಬಂತು. 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಆ ಕಿಟಕಿಯ ಹಿಂದೆ ಇದ್ದದ್ದೇ ಡೇಟಾಬೇಸ್. ಒಬ್ಬ ರೈತನ ಹೆಸರು ಅದರಿಂದ ಅಳಿಸಿಹೋದರೆ ಅವನ ಹೊಲ ಹೊಲದಲ್ಲೇ ಇದ್ದರೂ ಕಾಗದದಲ್ಲಿ ಇಲ್ಲವಾಗುತ್ತದೆ. ಇದನ್ನು ಕಾಯುವವರ ಹೊಣೆ ಎಷ್ಟು ದೊಡ್ಡದು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಇಲ್ಲಿ ನಮ್ಮ ಬ್ಯಾಂಕಿನ ಹಣ, ಆಸ್ಪತ್ರೆಯ ಚೀಟಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಇಂಥ ಕೋಶಗಳಲ್ಲೇ ಇವೆ.

ಮಾಹಿತಿಯನ್ನು ಸಾಲು ಮತ್ತು ಕಂಬಗಳ ಕೋಷ್ಟಕಗಳಾಗಿ ಇಟ್ಟು, ಒಂದಕ್ಕೊಂದು ಸಂಬಂಧ ಕಲ್ಪಿಸಬಹುದು ಎಂದು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಅದರ ಮೇಲೆ ಹುಟ್ಟಿದ ಪ್ರಶ್ನೆ ಕೇಳುವ ಭಾಷೆಯೇ ಎಸ್‌ಕ್ಯೂಎಲ್. ಈ ವಿಷಯವನ್ನು ಕಾಲೇಜುಗಳಲ್ಲಿ ಕಲಿಸುವ ಬಹು ಪ್ರಸಿದ್ಧ ಪಠ್ಯಪುಸ್ತಕವೊಂದರ ಇಬ್ಬರು ಲೇಖಕರಲ್ಲಿ ರಮೀಜ್ ಎಲ್ಮಾಸ್ರಿ ನಮ್ಮ ಪಕ್ಕದ ಆರ್ಲಿಂಗ್ಟನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದವರು. ಇನ್ನೊಬ್ಬರು ಭಾರತೀಯ ಮೂಲದ ಶಾಮಕಾಂತ ನವಾಥೆ.

ಮಾಹಿತಿ ಇಟ್ಟರೆ ಸಾಲದು, ಬೇಗ ಸಿಗಬೇಕು. ಅದಕ್ಕೆ ‘ಇಂಡೆಕ್ಸ್’ ಬೇಕು. ಇದು ನನಗೆ ಅರ್ಥವಾದದ್ದು ಕಿಟ್ಟೆಲ್ ನಿಘಂಟಿನಿಂದ. 1894ರ ಆ ದೊಡ್ಡ ಗ್ರಂಥದಲ್ಲಿ ‘ಮಳೆ’ ಎಂಬ ಪದವನ್ನು ಅರ್ಧ ನಿಮಿಷದಲ್ಲಿ ಹುಡುಕಬಹುದು, ಏಕೆಂದರೆ ಪದಗಳು ಅಕಾರಾದಿಯಾಗಿವೆ. ಆದರೆ ‘ಮಳೆ ಎಂಬ ಅರ್ಥ ಕೊಡುವ ಪದಗಳನ್ನೆಲ್ಲ ತೆಗೆ’ ಎಂದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕಾಗುತ್ತದೆ. ಅರ್ಥದ ಪ್ರಕಾರ ಇನ್ನೊಂದು ಪಟ್ಟಿ ಮಾಡಿಟ್ಟುಕೊಂಡರೆ ಅದೂ ಸುಲಭ. ಯಾವ ಪಟ್ಟಿ ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು ಈ ಕೆಲಸದವರ ಜಾಣತನ.

ಕಲಿತದ್ದು ಹಳತಾಗುತ್ತದೆ

ನಾನು ಕಲಿತ ವ್ಯಾಕರಣ ಇಂದಿಗೂ ನಡೆಯುತ್ತದೆ. ಕೇಶಿರಾಜನ ಸಂಧಿ ಸಮಾಸಗಳಿಗೆ ಅವಧಿ ಮುಗಿಯುವ ತಾರೀಕಿಲ್ಲ. ನಮ್ಮ ಮನೆಯವರ ವಿದ್ಯೆ ಹಾಗಲ್ಲ. ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಎಸ್‌ಕ್ಯೂಎಲ್ ಸರ್ವರ್‌ನ ಪ್ರತಿ ಆವೃತ್ತಿಗೂ ಸುಮಾರು 10 ವರ್ಷ ಬೆಂಬಲ ಕೊಡುತ್ತದೆ. 2012ರ ಆವೃತ್ತಿಯ ಬೆಂಬಲ 2022ರ ಜುಲೈಗೆ ಮುಗಿಯಿತು, 2014ರದ್ದು 2024ರ ಜುಲೈಗೆ. ಪ್ರಮಾಣಪತ್ರಗಳೂ ಹಾಗೆಯೇ. ಹಿಂದೆ ಒಮ್ಮೆ ಪರೀಕ್ಷೆ ಪಾಸಾದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ಆ ಹಳೆಯ ಪರೀಕ್ಷೆಗಳು 2021ರ ಜನವರಿಗೆ ನಿಂತವು. ಅವುಗಳ ಜಾಗಕ್ಕೆ ಬಂದವುಗಳಲ್ಲಿ ಹೆಚ್ಚಿನವನ್ನು ಪ್ರತಿ ವರ್ಷ ಹೊಸದಾಗಿ ಪ್ರಶ್ನೆಗಳಿಗೆ ಉತ್ತರಿಸಿ ನವೀಕರಿಸಿಕೊಳ್ಳಬೇಕು.

ಕಲಿಯದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿಜ ಘಟನೆ ಇದೆ. 2002ರ ಜುಲೈನಲ್ಲಿ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತು. ಆ ದೋಷವನ್ನು ಕಂಡುಹಿಡಿದ ಡೇವಿಡ್ ಲಿಚ್‌ಫೀಲ್ಡ್ ಅವರು ಅದೇ ಬೇಸಿಗೆಯಲ್ಲಿ ಲಾಸ್ ವೇಗಸ್‌ನ ಸಮ್ಮೇಳನವೊಂದರಲ್ಲಿ ಅದರ ಅಪಾಯವನ್ನು ವಿವರಿಸಿದರು. ಕೇಳಿದವರು ತೇಪೆ ಹಾಕಿಕೊಂಡರು, ಅನೇಕರು ಹಾಕಿಕೊಳ್ಳಲಿಲ್ಲ. ಆರು ತಿಂಗಳ ನಂತರ, 2003ರ ಜನವರಿ 25ರ ಶನಿವಾರ, ‘ಸ್ಲ್ಯಾಮರ್’ ಎಂಬ ಹುಳು ಅದೇ ತೂತಿನಿಂದ ನುಗ್ಗಿತು. ಕನಿಷ್ಠ 75,000 ಕಂಪ್ಯೂಟರುಗಳಿಗೆ ತಗುಲಿತು, ಅವುಗಳಲ್ಲಿ ಹೆಚ್ಚಿನವಕ್ಕೆ ಮೊದಲ 10 ನಿಮಿಷದಲ್ಲೇ. ಅಮೆರಿಕದಲ್ಲಿ ಸಾವಿರಾರು ಎಟಿಎಂಗಳಲ್ಲಿ ಹಣ ಸಿಗದಾಯಿತು. ಔಷಧ ಕೈಯಲ್ಲಿದ್ದೂ ಕುಡಿಯದೆ ಜ್ವರ ಬರಿಸಿಕೊಂಡ ಹಾಗೆ!

ಶನಿವಾರದ ಸಭೆಗಳು

ಹಾಗಾದರೆ ಕಲಿಯುವುದು ಎಲ್ಲಿ? ಪುಸ್ತಕವಿದೆ, ವಿಡಿಯೋ ಇದೆ. ಆದರೆ ಒಂದೇ ಕಸುಬಿನವರು ಎದುರುಬದುರು ಕುಳಿತು ಕಲಿಯುವ ಸುಖ ಬೇರೆ. 1999ರಲ್ಲಿ ಎಸ್‌ಕ್ಯೂಎಲ್ ಸರ್ವರ್ ಕೆಲಸದವರಿಗಾಗಿ ‘ಪಾಸ್’ ಎಂಬ ಸಂಘ ಹುಟ್ಟಿತು. ಅದರ ವಾರ್ಷಿಕ ಮಹಾಸಮ್ಮೇಳನ ಹೆಚ್ಚಾಗಿ ಸಿಯಾಟಲ್‌ನಲ್ಲಿ ನಡೆದರೂ 2005ರಲ್ಲಿ ನಮ್ಮ ಡಲ್ಲಾಸ್ ಪಕ್ಕದ ಗ್ರೇಪ್‌ವೈನ್‌ಗೆ ಬಂದಿತ್ತು. ಸಂಶೋಧಕರ ‘ಸಿಗ್‌ಮೋಡ್’ ಸಮ್ಮೇಳನ 2000ದಲ್ಲಿ ಡಲ್ಲಾಸ್‌ನಲ್ಲಿ, 2018ರಲ್ಲಿ ಹ್ಯೂಸ್ಟನ್‌ನಲ್ಲಿ ನಡೆಯಿತು. ತಮಾಷೆಯೆಂದರೆ ಅದೇ ವರ್ಷಗಳಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನಗಳೂ ಇವೇ ಎರಡು ಊರುಗಳಲ್ಲಿ ನಡೆದವು, ಊರು ಮಾತ್ರ ಅದಲು ಬದಲು: 2000ದಲ್ಲಿ ಹ್ಯೂಸ್ಟನ್, 2018ರಲ್ಲಿ ಡಲ್ಲಾಸ್.

ಮಹಾಸಮ್ಮೇಳನಗಳಿಗೆ ಪ್ರವೇಶಶುಲ್ಕ, ವಿಮಾನ, ಹೋಟೆಲ್ ಎಂದು ಸಾವಿರಗಟ್ಟಲೆ ಡಾಲರ್ ಬೇಕು. ಕಂಪನಿ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಕೊರತೆ ತುಂಬಲು 2007ರ ನವೆಂಬರ್‌ನಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ‘ಎಸ್‌ಕ್ಯೂಎಲ್ ಸ್ಯಾಟರ್‌ಡೇ’ ಶುರುವಾಯಿತು. ರಜಾದಿನ, ಒಂದೇ ದಿನ, ಪ್ರವೇಶ ಉಚಿತ. ಊಟಕ್ಕೆ ಬೇಕಾದರೆ ಒಂದಿಷ್ಟು ಡಾಲರ್. ಉಳಿದ ಖರ್ಚು ಪ್ರಾಯೋಜಕರದು. ಭಾಷಣಕಾರರಿಗೆ ಸಂಭಾವನೆ ಇಲ್ಲ. ಈ ಕ್ರಮ 2010ರಲ್ಲಿ ಡಲ್ಲಾಸ್‌ಗೆ, 2011ರಲ್ಲಿ ಹ್ಯೂಸ್ಟನ್ ಮತ್ತು ಆಸ್ಟಿನ್‌ಗೆ ಬಂತು. ಮೂರೂ ಕಡೆ ಅದನ್ನು ಹೊತ್ತವರು ಆಯಾ ಊರಿನ ಬಳಕೆದಾರರ ಸಂಘದ ಸ್ವಯಂಸೇವಕರು. ಉತ್ತರ ಟೆಕ್ಸಾಸ್‌ನದ್ದು ‘ನಾರ್ತ್ ಟೆಕ್ಸಾಸ್ ಎಸ್‌ಕ್ಯೂಎಲ್ ಸರ್ವರ್ ಯೂಸರ್ ಗ್ರೂಪ್’. ಆಸ್ಟಿನ್‌ನವರದು ‘ಕ್ಯಾಕ್ಟಸ್’, ಟೆಕ್ಸಾಸ್‌ಗೆ ಒಪ್ಪುವ ಹೆಸರು!

ದಿನ ಹೇಗಿರುತ್ತದೆ? ಬೆಳಿಗ್ಗೆ ಕಾಫಿ, ಕುತ್ತಿಗೆಗೆ ಹೆಸರಿನ ಚೀಟಿ. ನಂತರ ನಾಲ್ಕೈದು ಕೋಣೆಗಳಲ್ಲಿ ಒಂದೇ ಸಮಯಕ್ಕೆ ಬೇರೆ ಬೇರೆ ಪಾಠ. ಪ್ರತಿ ಪಾಠಕ್ಕೂ ಮಟ್ಟ ಸೂಚಿಸುವ ಸಂಖ್ಯೆ ಇರುತ್ತದೆ: 100 ಎಂದರೆ ಹೊಸಬರಿಗೆ, 400 ಎಂದರೆ ಪಳಗಿದವರಿಗೆ. ಆದರೆ ನಿಜವಾದ ಕಲಿಕೆ ಮೊಗಸಾಲೆಯಲ್ಲಿ, ಊಟದ ಸಾಲಿನಲ್ಲಿ ಎನ್ನುತ್ತಾರೆ ಹೋಗಿಬಂದವರು. ‘ನಿಮ್ಮಲ್ಲೂ ಹೀಗಾಗಿತ್ತಾ? ಏನು ಮಾಡಿದಿರಿ?’ ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ನಮ್ಮ ಬೆಂಗಳೂರಿನಲ್ಲೂ ಇಂಥ ಸಮ್ಮೇಳನಗಳಿವೆ. 2008ರಲ್ಲಿ ಆರಂಭವಾದ ‘ಗ್ರೇಟ್ ಇಂಡಿಯನ್ ಡೆವಲಪರ್ ಸಮಿಟ್’ ಟಾಟಾ ಇನ್‌ಸ್ಟಿಟ್ಯೂಟ್ ಆವರಣಕ್ಕೆ ಸಾವಿರಾರು ಜನರನ್ನು ಸೇರಿಸಿದೆ.

ತಪ್ಪನ್ನು ಒಪ್ಪಿಕೊಳ್ಳುವ ಸಭೆ

ಈಗ ನಮ್ಮ ಮನೆಯ ಕಥೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರು ಕೆಲಸ ಮಾಡುತ್ತಿದ್ದ ಕಡೆ ಒಂದು ಶುಕ್ರವಾರ ರಾತ್ರಿ ಡಿಸ್ಕ್ ಕೆಟ್ಟಿತು. ‘ಹೆದರಬೇಡಿ, ಪ್ರತಿ ರಾತ್ರಿ ಬ್ಯಾಕಪ್ ತೆಗೆದಿದ್ದೇನೆ’ ಎಂದರು ಇವರು. ತೆಗೆದದ್ದು ನಿಜ. ಆದರೆ ಆ ನಕಲನ್ನು ತೆರೆದು ನೋಡಿರಲಿಲ್ಲ. ಅಂದು ತೆರೆದರೆ ತೆರೆಯಲೇ ಇಲ್ಲ. ಅದರ ಹಿಂದಿನದೂ ಇಲ್ಲ, ಅದರ ಹಿಂದಿನದೂ ಇಲ್ಲ. ಎರಡು ದಿನ ನಿದ್ದೆಯಿಲ್ಲದೆ, ಕಾಗದದ ಬಿಲ್ಲುಗಳನ್ನು ನೋಡಿ ಕೈಯಲ್ಲಿ ತುಂಬಿದರು. ಸೋಮವಾರ ಮನೆಗೆ ಬಂದಾಗ ಅವರ ಮುಖ ನೋಡಲಾಗಲಿಲ್ಲ. ನಾವಾಗ ಎಚ್-1ಬಿ ವೀಸಾದಲ್ಲಿದ್ದೆವು. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು 60 ದಿನ, ಅಷ್ಟೆ. ಕೆಲಸ ಉಳಿಯಿತು, ಆದರೆ ಆತ್ಮವಿಶ್ವಾಸ ಹೋಯಿತು.

ಮುಂದಿನ ಶನಿವಾರದ ಸಭೆಗೆ ಸ್ನೇಹಿತರೊಬ್ಬರು ಒತ್ತಾಯ ಮಾಡಿ ಕರೆದುಕೊಂಡು ಹೋದರು. ಅಲ್ಲಿ ಭಾಷಣಕಾರರು ಮೊದಲು ಕೇಳಿದ ಪ್ರಶ್ನೆ: ‘ಬ್ಯಾಕಪ್ ತೆಗೆಯುವವರು ಕೈ ಎತ್ತಿ.’ ಎಲ್ಲರೂ ಎತ್ತಿದರು. ‘ಕಳೆದ ತಿಂಗಳು ಅದನ್ನು ಮರಳಿ ತುಂಬಿಸಿ ಪರೀಕ್ಷಿಸಿದವರು?’ ಅರ್ಧಕ್ಕೂ ಹೆಚ್ಚು ಕೈಗಳು ಕೆಳಗಿಳಿದವು. ‘ನನ್ನೊಬ್ಬನದೇ ತಪ್ಪಲ್ಲ ಅಂತ ಗೊತ್ತಾಯ್ತು. ಸರಿಪಡಿಸೋದು ಹೇಗೆ ಅಂತಲೂ ಗೊತ್ತಾಯ್ತು’ ಎಂದು ಇವರು ಅಂದು ರಾತ್ರಿ ಹೊಟ್ಟೆ ತುಂಬ ಊಟ ಮಾಡಿದರು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಸಂಸ್ಥೆಯಲ್ಲೂ ಹೀಗೇ ಆಗಿತ್ತಂತೆ. ಕೈತಪ್ಪಿ ದತ್ತಾಂಶ ಅಳಿಸಿಹೋದಾಗ, ನಂಬಿದ್ದ ಬ್ಯಾಕಪ್ ವ್ಯವಸ್ಥೆಗಳು ಕೈಕೊಟ್ಟವು. ಸುಮಾರು ಆರು ಗಂಟೆ ಹಳೆಯ ಪ್ರತಿಯೊಂದು ಸಿಕ್ಕು ಬಚಾವಾದರು. ಆದರೆ ಅವರು ಅದನ್ನು ಮುಚ್ಚಿಡದೆ ಇಡೀ ಜಗತ್ತಿಗೆ ತಿಳಿಸಿದರು. ಅದರಿಂದ ಕಲಿತವರೆಷ್ಟೋ ಜನ.

ಎರಡು ವರ್ಷದ ನಂತರ ಇವರೇ ಆ ವಿಷಯದ ಮೇಲೆ ಮಾತನಾಡಲು ಹೆಸರು ಕೊಟ್ಟರು. ಕನ್ನಡ ಮಾಧ್ಯಮದಲ್ಲಿ ಓದಿದವರು, ಇಂಗ್ಲಿಷಿನಲ್ಲಿ ವೇದಿಕೆ ಹತ್ತಿದವರಲ್ಲ. ನಮ್ಮ ಅಡುಗೆಮನೆಯಲ್ಲಿ ಒಂದು ತಿಂಗಳು ಅಭ್ಯಾಸ ನಡೆಯಿತು. ನಾನು ಈರುಳ್ಳಿ ಹೆಚ್ಚುತ್ತ ‘ಹಾಗಂದ್ರೇನು?’ ಎಂದು ಪದೇ ಪದೇ ಕೇಳುತ್ತಿದ್ದೆ. ‘ನಿನಗೆ ಅರ್ಥ ಆಗೋ ಹಾಗೆ ಹೇಳಬೇಕಾದರೆ ನನಗೇ ಸರಿಯಾಗಿ ಗೊತ್ತಿಲ್ಲ ಅಂತ ಕಾಣುತ್ತೆ’ ಎಂದು ನಕ್ಕು ಮತ್ತೆ ಓದಿಕೊಳ್ಳುತ್ತಿದ್ದರು. ಕಲಿಸುವವನೇ ಹೆಚ್ಚು ಕಲಿಯುತ್ತಾನೆ ಎಂದು ಬಿ.ಎಡ್.ನಲ್ಲಿ ನಮಗೆ ಹೇಳಿಕೊಟ್ಟದ್ದು ಸುಳ್ಳಲ್ಲ. ಆ ದಿನ ಕೋಣೆಯಲ್ಲಿ ಇಪ್ಪತ್ತು ಜನರೂ ಇರಲಿಲ್ಲ. ಆದರೆ ಕೊನೆಯಲ್ಲಿ ಒಬ್ಬ ಹುಡುಗ ಬಂದು, ‘ಸೋಮವಾರ ಮೊದಲು ಮಾಡುವ ಕೆಲಸ ಇದೇ ಸರ್’ ಎಂದನಂತೆ. ಮುಂದೆ ಇವರ ವಿಭಾಗವೇ ಮುಚ್ಚಿದಾಗ ಹೊಸ ಕೆಲಸದ ಸುದ್ದಿ ಕೊಟ್ಟದ್ದೂ ಅದೇ ಶನಿವಾರದ ಪರಿಚಯಸ್ಥರು. ಆಗ ಆ 60 ದಿನಗಳಲ್ಲಿ 41 ಕಳೆದಿದ್ದವು.

ಸಂಘ ಮುಚ್ಚಿದರೂ ಶಾಲೆ ಮುಚ್ಚಲಿಲ್ಲ

ಕೋವಿಡ್ ಬಂದು ಸಮ್ಮೇಳನದ ಆದಾಯ ನಿಂತಾಗ ‘ಪಾಸ್’ ಸಂಘ 2021ರ ಜನವರಿಯಲ್ಲಿ ಬಾಗಿಲು ಹಾಕಿತು. ಇಪ್ಪತ್ತು ವರ್ಷ ಕಟ್ಟಿದ್ದು ಹೀಗಾಯಿತಲ್ಲ ಎಂದು ಅನೇಕರು ನೊಂದರು. ಅದರ ಮಹಾಸಮ್ಮೇಳನವನ್ನು ರೆಡ್‌ಗೇಟ್ ಎಂಬ ಕಂಪನಿ ವಹಿಸಿಕೊಂಡಿತು. ಶನಿವಾರದ ಸಭೆಗಳನ್ನು ಊರೂರಿನ ಸ್ವಯಂಸೇವಕರು ಮತ್ತೆ ನಡೆಸತೊಡಗಿದರು. ಕಟ್ಟಡ ಬಿದ್ದರೂ ಪಾಠ ನಿಲ್ಲಲಿಲ್ಲ, ಏಕೆಂದರೆ ಪಾಠ ಇದ್ದದ್ದು ಜನರಲ್ಲಿ.

ನಮ್ಮ ಶಾಲೆಯೂ ಹಾಗೆಯೇ ಅಲ್ಲವೇ? ವಾರವಿಡೀ ದುಡಿದು ರಜಾದಿನದಲ್ಲಿ ಸಂಬಳವಿಲ್ಲದೆ ಪಾಠ ಹೇಳುವ ಅಕ್ಕಂದಿರು, ಕುರ್ಚಿ ಜೋಡಿಸುವ ಅಣ್ಣಂದಿರು, ತಿಂಡಿ ತರುವ ತಾಯಂದಿರು ಇರುವುದರಿಂದಲೇ ಅಲ್ಲವೇ ಇಲ್ಲಿ ಅ ಆ ಇ ಈ ನಡೆಯುತ್ತಿರುವುದು?

ಪೋಷಕರಲ್ಲಿ ನನ್ನದೊಂದು ವಿನಂತಿ. ಈ ಕಸುಬಿನಲ್ಲಿದ್ದೂ ಇಂಥ ಸಭೆಗೆ ಹೋಗದವರು ಒಮ್ಮೆ ಹೋಗಿ ನೋಡಿ. ಮಕ್ಕಳು ಚಿಕ್ಕವರೆಂದು ಹಿಂದುಳಿದ ತಾಯಂದಿರು ವಿಶೇಷವಾಗಿ ಹೋಗಿ. ಆ ಒಂದು ಶನಿವಾರ ಮನೆಯವರು ಮಕ್ಕಳನ್ನು ನೋಡಿಕೊಳ್ಳಲಿ. ಮೂರು ಪಾಠ ಕೇಳಿ, ಇಬ್ಬರ ಪರಿಚಯ ಮಾಡಿಕೊಳ್ಳಿ, ಕಲಿತದ್ದರಲ್ಲಿ ಒಂದನ್ನು ಸೋಮವಾರವೇ ಮಾಡಿ ನೋಡಿ. ಸಾಧ್ಯವಾದಾಗ ನಿಮಗೆ ಗೊತ್ತಿರುವುದನ್ನು ಹತ್ತು ನಿಮಿಷ ಹೇಳಿ.

ಮಕ್ಕಳೇ, ‘ದೇಶ ಸುತ್ತು, ಕೋಶ ಓದು’ ಎಂದು ನಮ್ಮಲ್ಲಿ ಗಾದೆಯಿದೆ. ನಿಮ್ಮ ಅಪ್ಪ ಅಮ್ಮ ಈ ವಯಸ್ಸಿನಲ್ಲೂ ಕೋಶ ಓದುತ್ತಿದ್ದಾರೆ, ಅದಕ್ಕಾಗಿ ಊರು ಸುತ್ತುತ್ತಿದ್ದಾರೆ. ಮುಂದಿನ ಸಲ ಅವರು ಶನಿವಾರದ ಶಾಲೆಯಿಂದ ಬಂದಾಗ ‘ಇವತ್ತು ಏನು ಕಲಿತೆ?’ ಎಂದು ನೀವೇ ಕೇಳಿ. ದಿನಾ ಅವರು ನಿಮ್ಮನ್ನು ಕೇಳುವುದಿಲ್ಲವೇ? ಅಂದ ಹಾಗೆ, ಅಪ್ಪನಿಗೆ ಹೋಂವರ್ಕ್ ಇಲ್ಲ ಎಂದು ಬರೆದ ಪುಟ್ಟಿಗೆ ಒಂದು ತಿದ್ದುಪಡಿ: ಹೋಂವರ್ಕ್ ಇದೆ ಮರಿ, ನೀನು ಮಲಗಿದ ಮೇಲೆ ಮಾಡುತ್ತಾರೆ.